ಅಶ್ವತ್ಥಮ್ಮನ ಹತ್ತಿರಕ್ಕೆ ದಾರಿ

ಏಳು ಸಮುದ್ರದ ಆಚೆಗಲ್ಲ, ಇಲ್ಲೇ ಪೀಣ್ಯದ ಎರಡನೇ ಹಂತದಲ್ಲಿ, ಸತ್ತ ಇಂಜಿನ್‌ಗಳಿಗೆ ಜೀವ ಬರಿಸುವ ಮುದುಕನೊಬ್ಬನಿದ್ದ. ಅವನು ಹಗ್ಗ ಎಳೆದರೆ ಸಾಕು, ಹುಲ್ಲು ಕೊಯ್ಯುವ ಮಿಷಿನ್‌ಗಳು ಕೆಮ್ಮಿ, ಹೊಗೆ ಉಗುಳಿ, ಎದ್ದು ಕೂರುತ್ತಿದ್ದವಂತೆ.

ಆ ಹನುಮಂತರಾಯಪ್ಪನನ್ನು ಈಗ ನಾಲ್ಕು ಜನ ಚಟ್ಟಕ್ಕೆ ಬಿಗಿಯುತ್ತಿದ್ದರು. ಅಣ್ಣನ ಮಗ ನರೇಶ್ ಗಂಟುಗಳನ್ನು ಎಳೆದು ನೋಡುತ್ತಿದ್ದ. ಚಿಕ್ಕಪ್ಪನ ಮುಖ ಅವನು ನೋಡಿ ಆರು ವರ್ಷವಾಗಿತ್ತು.

ಸೇರಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಹೆಚ್ಚಿನವರ ಮಿಷಿನ್‌ಗಳು ಮುದುಕನ ರಿಪೇರಿ ಅಂಗಡಿಯೊಳಗೇ ಇದ್ದವು. ಹಾರ ಹಾಕಿದವರು ಒಂದು ಗಳಿಗೆ ತಲೆ ತಗ್ಗಿಸಿ ನಿಂತು, ಆಮೇಲೆ ನರೇಶನನ್ನು ಪಕ್ಕಕ್ಕೆ ಕರೆದು ತಮ್ಮದು ಯಾವುದೆಂದು ಬೆರಳು ಮಾಡಿ ತೋರಿಸುತ್ತಿದ್ದರು. ಒಬ್ಬನಂತೂ ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೇರಿಸಿಕೊಂಡೇ ಹೆಣಕ್ಕೆ ಕೈ ಮುಗಿದ.

ಗುಂಡಿ ತೆಗೆಯುವ ಪಾಪಯ್ಯ ಮಶಾಣ ನೋಡಿಕೊಂಡು ಬಂದ. ಮುದುಕನ ಹೆಂಡತಿ ಅಶ್ವತ್ಥಮ್ಮನನ್ನು ಮಣ್ಣು ಮಾಡಿದ್ದು ಹಿಂದಿನ ಮೂಲೆಯಲ್ಲಿ, ಅಲ್ಲಿಗೆ ಕಾಲಿಡುವ ಹಾಗಿಲ್ಲ, ಲಂಟಾನ ಆಳೆತ್ತರ ಬೆಳೆದಿದೆ ಎಂದ. ಗೇಟಿನ ಹತ್ತಿರವೇ ತೆಗೆದುಬಿಡು, ಮೂರಕ್ಕೆ ರಾಹುಕಾಲ ಎಂದ ನರೇಶ್.

ಗೋಡೆಗೆ ಒರಗಿ ನಿಂತಿದ್ದ ಮಹಾದೇವಿ ಮುಂದೆ ಬಂದಳು. ಯಾದಗಿರಿ ಕಡೆಯವಳು, ಫ್ಯಾಕ್ಟರಿಗಳ ಅಂಗಳದ ಹುಲ್ಲು ಕೊಯ್ಯುವವಳು. ಕೆಲಸದಿಂದ ನೇರ ಬಂದಿದ್ದರಿಂದ ಮಿಷಿನ್ ಹೆಗಲಲ್ಲೇ ಇತ್ತು.

"ಹೆಂಡ್ತಿ ಮಗ್ಗಲದಾಗ ಮಲಗಸ್ರಿ ಅವರ್ನ. ದಾರಿ ನಾ ಮಾಡ್ತೀನಿ."

"ನೀವ್ ಯಾರಮ್ಮ? ಹೆಂಗಸ್ರು ಮಶಾಣಕ್ಕೆ ಬರಂಗಿಲ್ಲ," ಎಂದ ನರೇಶ್.

"ನಮ್ಮ ಕಡೆ ಬರ್ತೀವ್ರಿ. ಅವರಿಗೆ ಮಾತು ಕೊಟ್ಟೀನಿ."

ಪಾಪಯ್ಯ ಬೀಡಿ ಆರಿಸಿದ. "ಬುಡಪ್ಪ. ಉಲ್ಲು ಕುಯ್ಯಾಕ್ ಬತ್ತಾವ್ಳೆ, ಅಳಾಕಲ್ಲ."

*

ಯುಗಾದಿಯ ಮರುವಾರ ಮಹಾದೇವಿಯ ಮಿಷಿನ್ ನಿಂತುಹೋಗಿತ್ತು. ತೋರಿಸಿದ ಕಡೆಯೆಲ್ಲ ಗುಜರಿಗೆ ಹಾಕು ಎಂದಿದ್ದರು. ಹನುಮಂತರಾಯಪ್ಪ ಮಾತ್ರ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಇದರ ಆಯಸ್ಸು ಮುಗಿದು ವರ್ಷವಾಗಿದೆ, ನಿನ್ನ ಮೇಲಿನ ಮುಲಾಜಿಗೆ ಓಡುತ್ತಿತ್ತು ಎಂದು ನಕ್ಕಿದ್ದ. ನಾಲ್ಕು ದಿನ ಕೂತು ಓಡುವ ಹಾಗೆ ಮಾಡಿದ. ಕೂಲಿ ಕೇಳಲಿಲ್ಲ, ಎರಡೂ ಕೈ ಚಾಚಿ ತೋರಿಸಿದ. ನಲವತ್ತು ವರ್ಷ ಇಂಜಿನ್‌ಗಳ ಅದುರು ಕುಡಿದ ಕೈಗಳು ತಾವೇ ಅದುರುತ್ತಿದ್ದವು. ಟೀ ಲೋಟ ಹಿಡಿದರೆ ಬಿಸಿ ಗೊತ್ತಾಗುತ್ತಿರಲಿಲ್ಲ.

"ಅಶ್ವತ್ಥಮ್ಮನ್ ಹತ್ರ ಹೋಗಕ್ಕಾಗ್ತಿಲ್ಲ ಕಣವ್ವ. ಹೊಂಗೆ ಮರದಾಚೆ ಬರೀ ಮುಳ್ಳು. ಒಂದು ದಾರಿ ಮಾಡ್ಕೊಡ್ತೀಯಾ?"

ಅಂಗಡಿ ತುಂಬ ಮಿಷಿನ್ ಅದಾವಲ್ಲ ಎಂದು ಕೇಳಿದ್ದಳು. ಅವೆಲ್ಲ ಬೇರೆಯವರವು, ರಿಪೇರಿಗೆ ಬಂದದ್ದರಲ್ಲಿ ಸ್ವಂತ ಕೆಲಸ ಮಾಡಬಾರದು ಎಂದಿದ್ದ.

ಬರುವ ಭಾನುವಾರ ಎಂದಳು. ಆ ಭಾನುವಾರ ಫ್ಯಾಕ್ಟರಿಗೆ ಯಾರೋ ದೊಡ್ಡವರು ಬರುವವರಿದ್ದರು. ಆಮೇಲೆ ಮಳೆ ಹಿಡಿಯಿತು, ಎಲ್ಲರ ಅಂಗಳದಲ್ಲೂ ಹುಲ್ಲು. ಆಮೇಲೆ ಊರಲ್ಲಿ ಅವ್ವನಿಗೆ ಹುಷಾರಿರಲಿಲ್ಲ. ಅಂಗಡಿ ಮುಂದೆ ಹಾದಾಗಲೆಲ್ಲ ಮುದುಕ ತಲೆಯೆತ್ತಿ, ಸೌಂಡ್ ಹೆಂಗಿದೆ ಎಂದಷ್ಟೇ ಕೇಳುತ್ತಿದ್ದ. ದಾರಿಯ ಮಾತು ಒಂದು ದಿನವೂ ಎತ್ತಲಿಲ್ಲ. ಅವಳು ನಡಿಗೆಯನ್ನು ಚುರುಕು ಮಾಡುತ್ತಿದ್ದಳು. ಕೊನೆಕೊನೆಗೆ ಆ ಬೀದಿಯನ್ನೇ ಬಿಟ್ಟು ಹಿಂದಿನ ರಸ್ತೆಯಲ್ಲಿ ಹೋಗತೊಡಗಿದ್ದಳು.

*

ಮಶಾಣದ ಗೇಟಿನಿಂದ ಹೊಂಗೆ ಮರದವರೆಗೆ ಕೊಯ್ದದ್ದಾಯಿತು. ಅಲ್ಲಿ ಮಿಷಿನ್ ಎರಡು ಸಲ ಬಿಕ್ಕಿ ನಿಂತಿತು. ಟ್ಯಾಂಕ್ ಖಾಲಿ.

ಈ ಇಂಜಿನ್‌ಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿಯೇ ಹಾಕಬೇಕು. ಇಲ್ಲದಿದ್ದರೆ ಒಳಗೆ ಒಣಗಿ, ಕಾದು, ಪಿಸ್ಟನ್ ಕಚ್ಚಿಕೊಂಡುಬಿಡುತ್ತದೆ. ಆಯಿಲ್ ಬಾಟಲಿ ಅವಳ ರೂಮಿನಲ್ಲಿತ್ತು, ರೂಮು ನಾಗಸಂದ್ರದಲ್ಲಿ. ಚಟ್ಟ ಆಗಲೇ ಗೇಟಿಗೆ ಬಂದಿತ್ತು. ಹೊತ್ತವರು ಹೆಗಲು ಬದಲಿಸುತ್ತಿದ್ದರು.

ನರೇಶ್ ಬೈಕಿನಿಂದ ಒಂದು ಬಾಟಲಿ ಪೆಟ್ರೋಲ್ ಬಗ್ಗಿಸಿ ತಂದ.

"ಬರೀ ಇದ್ರಲ್ಲಿ ಹತ್ತು ನಿಮಿಷ ಓಡಲ್ವಾ?"

"ಓಡ್ತೈತ್ರಿ," ಎಂದಳು ಮಹಾದೇವಿ. "ಹತ್ತು ನಿಮಿಷ ಅಷ್ಟ ಓಡ್ತೈತಿ."

ಅವಳ ಅನ್ನ ಇದೊಂದೇ ಮಿಷಿನ್ನಿನಲ್ಲಿತ್ತು. ಕಚ್ಚಿಕೊಂಡರೆ ಬಿಡಿಸುವ ಕೈ ಚಟ್ಟದ ಮೇಲಿತ್ತು. ಅವಳು ಮುಚ್ಚಳ ತಿರುಗಿಸಿ ಬಾಟಲಿಯನ್ನು ಬಗ್ಗಿಸಿದಳು.

ಇಂಜಿನ್ನಿನ ಸ್ವರ ತೆಳುವಾಗಿ ಮೇಲೆ ಮೇಲೆ ಏರಿತು. ಲಂಟಾನ ಸಿಡಿದು ಬಿತ್ತು, ಕಾಂಗ್ರೆಸ್ ಗಿಡ ಮಡಿಚಿಕೊಂಡು ಮಲಗಿತು. ಸುಟ್ಟ ವಾಸನೆ ಮೂಗಿಗೆ ಬಂದರೂ ಅವಳು ಬೆರಳು ಸಡಿಲಿಸಲಿಲ್ಲ. ಆಳೆತ್ತರದ ಮುಳ್ಳಿನ ಬುಡದಲ್ಲಿ ಏನಕ್ಕೋ ತಗುಲಿ ಬ್ಲೇಡ್ ಠಣ್ ಎಂದಿತು, ಕಿಡಿ ಹಾರಿತು. ಅದರ ಬೆನ್ನಿಗೇ ಇಂಜಿನ್ ಗಕ್ಕನೆ ನಿಂತಿತು. ಹಗ್ಗ ಎಳೆದಳು. ಒಂದು ಬೆರಳಿನಷ್ಟೂ ಬರಲಿಲ್ಲ.

ಮಿಷಿನ್ ಇಳಿಸಿ, ಉಳಿದ ಕಡ್ಡಿಗಳನ್ನು ಬರಿಗೈಯಲ್ಲೇ ಮುರಿದಳು. ಒಳಗೊಂದು ಗಿಡ್ಡ ಕಲ್ಲು. ಹೆಸರಿನ ಅಕ್ಷರಗಳ ತುಂಬ ಗೆದ್ದಲ ಮಣ್ಣು ಮೆತ್ತಿತ್ತು. ಉಗುರಿನಿಂದ ಕೆರೆದಳು.

ಪಾಪಯ್ಯ ಗುದ್ದಲಿ ಹಿಡಿದು ಬಂದವನು ಕಲ್ಲಿನ ಆಚೆ ಈಚೆ ನೋಡಿದ.

"ಎಂಡ್ರು ಯಾವ್ ಮಗ್ಗುಲಿಗೆ ಮಲಗ್ತಿದ್ಲು? ಎಡಕ್ಕಾ, ಬಲಕ್ಕಾ?"

ನರೇಶ್ ಚಟ್ಟ ಹೊತ್ತವರತ್ತ ತಿರುಗಿದ. ಯಾರಿಗೂ ಗೊತ್ತಿರಲಿಲ್ಲ.

ಮಹಾದೇವಿ ಮಂಡಿಯೂರಿ, ಎರಡೂ ಕಡೆಯ ಬೇರುಗಳನ್ನು ಒಂದೊಂದಾಗಿ ಕಿತ್ತು, ಕಲ್ಲಿನ ಸುತ್ತ ನೆಲವನ್ನು ಅಂಗೈಯಿಂದ ಸವರಿ ಸಮ ಮಾಡಿದಳು.