ಬೇಡ ಅನ್ನುವವರು

ಸ್ವೀಡನ್ನಿನ ಸ್ಮೋಗೆನ್ ಬಂದರಿನಲ್ಲಿ, ತಿಮಿಂಗಿಲ ನೋಡಲು ಬಂದವರನ್ನು ದೋಣಿ ಹತ್ತಿಸುವ ಮೊದಲೇ ಗುನಿಲ್ಲಾ ತನ್ನ ನಿಯಮವನ್ನು ಹೇಳಿಬಿಟ್ಟಳು. ದೋಣಿ ಅವಳದು, ನಡೆಸುವವಳೂ ಅವಳೇ. ದೀಪಸ್ತಂಭದ ದ್ವೀಪ ದಾಟಿದರೆ ತೆರೆದ ಸಮುದ್ರ. ಅಲ್ಲಿ ವೇಗ ತಗ್ಗಿಸಿ, ಮುಂದೆ ಹೋಗೋಣವೇ ಎಂದು ಒಬ್ಬೊಬ್ಬರನ್ನೇ ಕೇಳುತ್ತಾಳೆ. ಒಬ್ಬರು ಬೇಡವೆಂದರೂ ದೋಣಿ ಹಿಂದಿರುಗುತ್ತದೆ. ಕಾರಣ ಕೇಳುವುದಿಲ್ಲ.

"ಅಮ್ಮ, ಇವತ್ತೊಂದಿನ ನೀನು ಬೇಡ ಅನ್ಬೇಡ, ಪ್ಲೀಸ್," ಎಂದು ಸುಲೋಚನಾಳಿಗೆ ಹೇಳಿದಳು ಮಗಳು ಇಳಾ, ನೀರಿಗೆ ಬಿದ್ದರೂ ತೇಲಿಸುವ ಕೆಂಪು ಉಡುಪಿನ ಜಿಪ್ ಎಳೆದುಕೊಳ್ಳುತ್ತ. "ಅಪ್ಪನ ಅರವತ್ತನೇ ಬರ್ತ್‌ಡೇ. ತಿಮಿಂಗಿಲ ಒಂದು ವಾರದಿಂದ ಇಲ್ಲೇ ಸುತ್ತಾಡ್ತಿದೆ. ನಾಳೆ ಇರತ್ತೋ ಇಲ್ವೋ."

"ನಿಮ್ಮಮ್ಮನ್ನ ನಂಬ್ಕೋಬೇಡ ಪುಟ್ಟಿ," ಎಂದು ಅಪ್ಪ ನಂದಕುಮಾರ ನಕ್ಕ. "ಬಕೆಟ್ಟಲ್ಲಿ ಅಲೆ ಎದ್ರೂ ಲೈಫ್ ಜಾಕೆಟ್ ಕೇಳೋಳು."

ಸುಲೋಚನಾ ಕೈಗವಸು ಹಾಕಿಕೊಂಡಳು. ಟೋರ್ಸ್‌ಲಾಂಡದ ಮನೆಯಲ್ಲಿ ಇಳಾ ಬೆಳೆದ ಅಷ್ಟೂ ವರ್ಷ ಹೀಗೇ ನಡೆದಿತ್ತು. ಸ್ಕೀ ಶಿಬಿರವಿರಲಿ, ಗೆಳತಿಯರ ಜೊತೆ ಕಾಡಿನಲ್ಲಿ ಟೆಂಟು ಹಾಕುವುದಿರಲಿ, ಮಗಳು ಕೇಳಿದರೆ ಅಪ್ಪ, "ನಂದೇನೂ ಇಲ್ಲಪ್ಪ, ನಿಮ್ಮಮ್ಮನ್ನ ಕೇಳು" ಅನ್ನುತ್ತಿದ್ದ. ಆಮೇಲೆ ಅಡುಗೆಮನೆಗೆ ಬಂದು, "ಏನಾದ್ರೂ ಆದ್ರೆ ಗತಿಯೇನು? ಬೇಡ ಅಂತ ನೀನೇ ಹೇಳ್ಬಿಡು" ಅನ್ನುತ್ತಿದ್ದ. ಸುಲೋಚನಾ ಹೇಳುತ್ತಿದ್ದಳು. ಭಯ ಅವಳಿಗೂ ಇದ್ದದ್ದರಿಂದ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

ಫೆಬ್ರವರಿಯ ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಬಂಡೆಗಳ ಮರೆ ತಪ್ಪಿದೊಡನೆ ದೋಣಿ ಮೂಗು ಮೇಲೆತ್ತಿ ಧೊಪ್ಪೆಂದು ಕೆಳಗೆ ಬೀಳತೊಡಗಿತು. ಗಾಜಿನ ಮೇಲೆ ನೀರು ಬಡಿದು ಎದುರಿನದೇನೂ ಕಾಣದಾಯಿತು. ನಂದಕುಮಾರ ತಮಾಷೆ ನಿಲ್ಲಿಸಿ ಎಷ್ಟು ಹೊತ್ತಾಯಿತೆಂಬುದನ್ನು ಸುಲೋಚನಾ ಗಮನಿಸಿದ್ದಳು. ಅವನ ತುಟಿ ಬಿಳಿಚಿಕೊಂಡಿತ್ತು.

ಗುನಿಲ್ಲಾ ವೇಗ ತಗ್ಗಿಸಿ, ಚುಕ್ಕಾಣಿ ಬಿಡದೆ, ಕತ್ತು ತಿರುಗಿಸಿ ಕೇಳಲು ಶುರುಮಾಡಿದಳು. ಮುಂದಿನ ಬೆಂಚಿನ ವೃದ್ಧ ದಂಪತಿ ಹೋಗೋಣವೆಂದರು. ಶೋವ್ಡೆ ಊರಿನಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳೂ ಹಾಗೇ ಅಂದರು. ಇಳಾ ಹೆಬ್ಬೆರಳೆತ್ತಿದಳು.

ನಂದಕುಮಾರ ಹೆಂಡತಿಯ ಮಣಿಕಟ್ಟು ಹಿಡಿದ. "ಸುಲೂ, ನನ್ ಕೈಲಿ ಆಗ್ತಿಲ್ಲ ಕಣೆ. ನೀನೇ ಹೇಳ್ಬಿಡು."

"ನೀವೇ ಹೇಳಿ."

"ಮಗಳು ಏನಂದ್ಕೋತಾಳೆ?"

"ನನ್ನ ಬಗ್ಗೆ ಏನಂದ್ಕೊಂಡಿದಾಳೆ ಅಂತ ಯಾವತ್ತಾದ್ರೂ ಯೋಚಿಸಿದೀರಾ?"

ಗುನಿಲ್ಲಾಳ ಕಣ್ಣು ಸುಲೋಚನಾಳ ಮೇಲೆ ನಿಂತಿತು. ಇಳಾ ಕೂಡ ತಿರುಗಿ ನೋಡಿದಳು. ಬೇಡವೆಂಬ ಮಾತನ್ನು ಈಗಾಗಲೇ ಕೇಳಿಸಿಕೊಂಡಂತಿತ್ತು ಅವಳ ಮುಖ. ಹಿಂದಿರುಗಬೇಕೆಂದು ಆ ದೋಣಿಯಲ್ಲಿ ಸುಲೋಚನಾಳಷ್ಟು ಬಯಸಿದವರು ಯಾರೂ ಇರಲಾರರು. ತಾನು ಸರಿ ಅಂದು, ಗಂಡನೂ ಮರ್ಯಾದೆಗೆ ಅಂಜಿ ಸರಿ ಅಂದರೆ ಆ ಅಲೆಗಳೊಳಗೇ ಹೋಗಬೇಕು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನ್ನದೇನೂ ಅಡ್ಡಿಯಿಲ್ಲ," ಎಂದಳು ಸ್ವೀಡಿಷ್‌ನಲ್ಲಿ.

ಉಳಿದವನು ನಂದಕುಮಾರನೊಬ್ಬನೇ. ಅವನು ಅಭ್ಯಾಸಬಲದಿಂದ ಹೆಂಡತಿಯ ಕಡೆ ನೋಡಿದ. ಅವಳು ಗಾಜಿನ ಮೇಲೆ ಓಡಾಡುವ ವೈಪರನ್ನು ನೋಡುತ್ತ ಕೂತಳು. ಅವನು ಏನೋ ಗೊಣಗಿದ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಗುನಿಲ್ಲಾ ಮತ್ತೆ ಕೇಳಿದಳು.

"ಬೇಡ!" ಈ ಸಲ ಎಲ್ಲರಿಗೂ ಕೇಳಿಸಿತು. "ಹಿಂದಕ್ಕೆ ಹೋಗೋಣ."

ಗುನಿಲ್ಲಾ ತಲೆಯಾಡಿಸಿ ದೋಣಿ ತಿರುಗಿಸಿದಳು. ವಿದ್ಯಾರ್ಥಿಗಳಲ್ಲೊಬ್ಬ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿದ.

"ಅಪ್ಪಾ? ನೀನಾ?" ಎಂದಳು ಇಳಾ.

"ಹೂಂ. ಭಯ ಆಯ್ತು."

"ಇವತ್ತೊಂದೇ ಸಲಾನಾ?"

ನಂದಕುಮಾರ ತನ್ನ ಬೂಟು ನೋಡಿಕೊಂಡ. "ಇಲ್ಲ ಪುಟ್ಟಿ. ತುಂಬಾ ಸಲ. ನಿಮ್ಮಮ್ಮನ ಹತ್ರ ಹೇಳಿಸ್ತಿದ್ದೆ."

ಇಳಾ ಕಿಟಕಿಯ ಕಡೆ ತಿರುಗಿಕೊಂಡಳು. ಅಲೆಗಳು ಈಗ ಹಿಂದಿನಿಂದ ತಳ್ಳುತ್ತಿದ್ದವು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಸುಲೋಚನಾಳ ಹೊಟ್ಟೆ ಒಮ್ಮೆಲೇ ತೊಳಸಿ ಬಂತು. ಕಾಗದದ ಚೀಲವನ್ನು ಬಾಯಿಗೆ ಹಿಡಿದು ಬಗ್ಗಿದಳು. ಎರಡನೆಯ ಸಲ ಬಗ್ಗುವಾಗ ಯಾರೋ ಅವಳ ಹಣೆಯನ್ನು ಒತ್ತಿ ಹಿಡಿದುಕೊಂಡರು. ಕೈ ತಣ್ಣಗಿತ್ತು. ಇಳಾಳದು. ಬಂದರು ಸೇರುವವರೆಗೂ ಅವಳು ಅದನ್ನು ತೆಗೆಯಲಿಲ್ಲ.