ಅಂಚು ಕೂಡಿಸಿದವಳು

"ಗಂಡ ನಡುಗ್ತಾನೆ ಅಂತ ನೀನೂ ನಡುಗ್ತೀಯೇನೇ? ಕೈ ತೊಳ್ಕೊಂಡು ಮುಟ್ಟು! ದೇವರ ಪೀಠಕ್ಕೆ ಹಾಸೋದು ಅದು, ನಿಮ್ಮನೆ ಒಲೆ ಒರಸೋ ಬಟ್ಟೆ ಅಲ್ಲ."

ಪಾದ್ರಿ ಗ್ರೆಗೋರ್ ಬೆನ್ನ ಹಿಂದೆಯೇ ನಿಂತು ಗದರಿದ. ಪೊಲೋನಾ ಮೂರು ಸಲ ಕೈ ತೊಳೆದಿದ್ದಳು.

ಗಣಿ ಕೇರಿಯ ಆರು ಹೆಂಗಸರು ದಿಂಬಿನ ಮೇಲೆ ದಾರ ಸುತ್ತಿದ ಮರದ ಕಡ್ಡಿಗಳನ್ನು ಆಡಿಸಿ ಲೇಸಿನ ಆರು ತುಂಡು ನೆಯ್ದಿದ್ದರು. ಅವುಗಳ ಅಂಚು ಕೂಡಿಸಿ ಪೀಠಕ್ಕೆ ಒಂದೇ ಹಾಸು ಮಾಡುವುದು ಪೊಲೋನಾಳ ಕೆಲಸ. ಎರಡೂ ಅಂಚಿನ ಸೂಜಿತೂತುಗಳನ್ನು ಎದುರುಬದುರು ಇಟ್ಟು, ಕೊಕ್ಕೆಸೂಜಿಯಿಂದ ದಾರದ ಕುಣಿಕೆ ಎಳೆದು, ಅದರೊಳಗೆ ಕಡ್ಡಿ ತೂರಿಸಿ ಬಿಗಿಯಬೇಕು. ಹೆಚ್ಚು ಬಿಗಿದರೆ ಅಂಚು ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಬಾಯಿ ಬಿಡುತ್ತದೆ. ಪೊಲೋನಾ ಕೂಡಿಸಿದ್ದು ಎಲ್ಲಿ ಅಂತ ಊರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಚರ್ಚಿನ ಹಬ್ಬದೊಳಗೆ ಮುಗಿಸಿದರೆ ಮಗಳು ನೇಜಾಗೆ ಲೇಸು ಶಾಲೆಯಲ್ಲಿ ಜಾಗ ಅಂತ ಪಾದ್ರಿ ಮಾತು ಕೊಟ್ಟಿದ್ದ. ಇಲ್ಲದಿದ್ದರೆ ಪಾದರಸದ ಅದಿರು ಆರಿಸುವ ಅಂಗಳವೇ ಗತಿ. ಗಣಿ ಗಂಡನನ್ನು ಏನು ಮಾಡಿತ್ತು ಅಂತ ದಿನಾ ನೋಡುತ್ತಿದ್ದಳು. ಪಾದರಸದ ವಿಷಕ್ಕೆ ಹಲ್ಲೆಲ್ಲ ಉದುರಿದ್ದವು. ಸೂಪಿನ ಚಮಚ ಬಾಯಿಗೆ ಹೋಗುವಷ್ಟರಲ್ಲಿ ಎದೆಯೆಲ್ಲ ಒದ್ದೆಯಾಗುತ್ತಿತ್ತು.

ಪೊಲೋನಾ ಹಾಸು ಮುಗಿಸಿಕೊಟ್ಟಳು. ಹಬ್ಬಕ್ಕೆ ಎರಡು ದಿನ ಇರುವಾಗ ಚರ್ಚಿನ ಬಾಗಿಲಿಗೆ ಶಾಲೆಗೆ ಆಯ್ಕೆಯಾದವಳ ಹೆಸರು ಅಂಟಿಸಿದರು. ಇದ್ದದ್ದು ಆ ಆರು ಹೆಂಗಸರಲ್ಲೊಬ್ಬಳಾದ ಊರ್ಶಾಳ ಮಗಳ ಹೆಸರು.

"ಸ್ವಾಮಿ, ಮಾತು ಕೊಟ್ಟಿದ್ರಿ..."

"ಕಣ್ಣೇ ಕಾಣ್ದೋಳು ಅಂಚು ಕೂಡಿಸ್ತಾಳೇನೇ? ಊರ್ಶಾ ಎಲ್ಲಾ ಹೇಳವಳೆ. ರಾತ್ರಿ ನಿನ್ ಬದಲು ಕೂಡಿಸಿದ್ದು ಅವಳಂತೆ. ಸುಳ್ಳು ಬೊಗಳಿದ್ದಕ್ಕೆ ಮೊದಲು ಪಾಪನಿವೇದನೆ ಮಾಡು. ಮಗಳನ್ನ ಸೋಮವಾರ ಅದಿರಿನಂಗಳಕ್ಕೆ ಕಳಿಸು, ಮೇಸ್ತ್ರಿಗೆ ನಾನೇ ಹೇಳ್ತೀನಿ."

ಕಣ್ಣು ಮಂಜಾಗುತ್ತಿದ್ದ ವಿಷಯ ಪೊಲೋನಾ ಹೇಳಿಕೊಂಡದ್ದು ಒಬ್ಬಳ ಹತ್ತಿರ ಮಾತ್ರ. ಹದಿನಾಲ್ಕು ವರ್ಷ ಒಂದೇ ಕಿಟಕಿಯ ಬೆಳಕಲ್ಲಿ ಜೊತೆಗೆ ಕೂತು ನೆಯ್ದವಳ ಹತ್ತಿರ. ಅವಳನ್ನು ಹುಡುಕಿಕೊಂಡು ಸೀದಾ ನಲ್ಲಿಕಟ್ಟೆಗೆ ಹೋದಳು.

ಊರ್ಶಾ ಕೊಡ ಇಳಿಸಲಿಲ್ಲ. "ಇದ್ದಿದ್ದು ಒಂದೇ ಜಾಗ ಕಣಕ್ಕಾ. ನಂದೂ ಹೆಣ್‌ಕೂಸಲ್ವಾ? ನಿನ್ ಕಣ್ಣು ಹೋಗಿರೋದೇನು ಸುಳ್ಳಾ?"

"ಕಣ್ ಹೋಗಿರೋದು ನಿಜ ಕಣೇ ಮುಂಡೆ. ಅದ್ಕೇ ನೀನೆಂಥೋಳು ಅಂತ ಕಾಣ್ಲಿಲ್ಲ."

ಹಬ್ಬದ ದಿನ ಗಣಿಯವರ ಬ್ಯಾಂಡು ಬಾರಿಸಿ ನಿಂತಿತು. ವಿಯೆನ್ನಾದಿಂದ ಬಂದಿದ್ದ ದೊಡ್ಡ ಅಧಿಕಾರಿಯ ಹೆಂಡತಿ ಚರ್ಚಿನೊಳಗೆ ಪೀಠದ ಹಾಸಿನ ಮೇಲೆ ಕೈಗವಸು ತೊಟ್ಟ ಕೈ ಆಡಿಸಿದಳು. "ಆರು ತುಂಡು ಅಂದ್ರಿ. ಕೂಡಿಸಿರೋದೆಲ್ಲಿ?"

"ನಮ್ಮ ಊರ್ಶಾ ತೋರಿಸ್ತಾಳೆ, ಅಮ್ಮಾವ್ರೇ," ಎಂದ ಪಾದ್ರಿ ಹಲ್ಲು ಕಿರಿದು.

ಊರ್ಶಾ ಬಗ್ಗಿದಳು. ಈ ಕಡೆ ಹುಡುಕಿದಳು, ಆ ಕಡೆ ಹುಡುಕಿದಳು. ತಾನು ನೆಯ್ದ ತುಂಡು ಎಲ್ಲಿ ಮುಗಿಯುತ್ತದೆ ಎಂಬುದೂ ಅವಳಿಗೆ ಗೊತ್ತಾಗಲಿಲ್ಲ.

ಪೊಲೋನಾ ಬೆಂಚಿನಿಂದ ಎದ್ದು ಬಂದಳು. ಎರಡೂ ಕಣ್ಣು ಮುಚ್ಚಿ, ಹಾಸಿನ ಅಡಿಗೆ ಬೆರಳು ತೂರಿಸಿ, ಗಂಟು ಹಿಡಿದಳು. ಜೇಬಿನಿಂದ ತೆಗೆದ ಸಣ್ಣ ಕತ್ತರಿ ಗಂಟಿನಿಂದ ಗಂಟಿಗೆ ಓಡಿತು. ಪೀಠದ ಬದಿಗೆ ಇಳಿಬಿದ್ದಿದ್ದ ತುಂಡು ನೆಲಕ್ಕೆ ಜಾರಿತು.

"ಏಯ್, ತೆಗಿಯೇ ಕೈ! ದೇವರ ಬಟ್ಟೆ!"

"ಅವರವರು ನೆಯ್ದಿದ್ದರಲ್ಲಿ ಒಂದೆಳೆ ಮುಟ್ಟಿಲ್ಲ ಸ್ವಾಮಿ. ನಂದೇನೈತೋ ಅಷ್ಟು ತಗೀತಿವ್ನಿ."

ಬಿದ್ದ ತುಂಡನ್ನು ಮಡಿಸಿ, ನೆಯ್ದವಳ ಮಡಿಲಿಗೆ ಹಾಕಿದಳು. "ತಗೊಳವ್ವ, ನಿಂದು." ಎರಡನೆಯದು. ಮೂರನೆಯದು. ನಾಲ್ಕನೆಯದು. ಪಾದ್ರಿ ಅವಳ ರಟ್ಟೆಗೆ ಕೈ ಹಾಕುವ ಹೊತ್ತಿಗೆ ಆ ಹೆಂಗಸರು ಮಡಿಲಲ್ಲಿ ಲೇಸು ಹಿಡಿದೇ ಎದ್ದು ನಿಂತಿದ್ದರು. ಅವನ ಕೈ ಅಲ್ಲೇ ನಿಂತಿತು.

ಪೀಠದ ಮೇಲೆ ಇನ್ನೆರಡೇ ತುಂಡು, ನಡುವೆ ಒಂದೇ ಕೂಡಿಕೆ. ಪೊಲೋನಾ ಕಣ್ಣು ತೆರೆದು, ಕತ್ತರಿಯನ್ನು ಊರ್ಶಾಳ ಮುಂದೆ ಚಾಚಿದಳು.

"ಇದೊಂದು ನೀನೇ ಬಿಚ್ಚೇ. ಕೂಡಿಸಿದೋಳು ನೀನಲ್ವಾ?"

ಊರ್ಶಾ ಕೈಗಳನ್ನು ಏಪ್ರನ್ನಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಆ ಕೈಗಳು ಹೊರಗೆ ಬರಲಿಲ್ಲ.