ವೈಪರಿನ ರಬ್ಬರು

ಬಸ್ ಡ್ರೈವರನಿಗೆ ಬಸ್ಸೇ ಹಗೆಯಾಗಿತ್ತು. ಮಳೆಯ ಸಂಜೆಯೊಂದರಲ್ಲಿ ಸೈಕಲ್ಲಿನ ಮುದುಕನೊಬ್ಬ ಜಾರಿ, ಅವನ ಬಸ್ಸಿನ ಚಕ್ರದಡಿ ಬಿದ್ದು ಸತ್ತಿದ್ದ. ತಪ್ಪು ನಿನ್ನದಲ್ಲ ಎಂದು ಪೊಲೀಸರೂ ಹೇಳಿದರು, ಮುದುಕನ ಮಗನೂ ಹೇಳಿದ. ಕೈ ಕೇಳಬೇಕಲ್ಲ? ಸೀಟಿನಲ್ಲಿ ಕೂತರೆ ಸಾಕು, ನಡುಗುತ್ತಿತ್ತು. ಡಿಪೋದವರು ಅವನನ್ನು ಟಯರಿಗೆ ಗಾಳಿ ಹಾಕಲು ಹಚ್ಚಿದ್ದರು. ಪರೀಕ್ಷೆಯಲ್ಲಿ ಬಸ್ಸು ಓಡಿಸಿ ತೋರಿಸಿದರೆ ಹಳೆಯ ಕೆಲಸ, ಇಲ್ಲದಿದ್ದರೆ ಗಾಳಿಯೇ ಗತಿ.

ಹೆಂಡತಿ ಅತ್ತೂ ಕರೆದೂ ಅವನನ್ನು ಮನಸ್ಸಿನ ವೈದ್ಯೆಯ ಬಳಿಗೆ ಕಳಿಸಿದಳು. ವೈದ್ಯೆ ಎದುರು ಕೂತು ಎರಡು ಬೆರಳು ಎತ್ತಿದಳು.

"ಆ ಸಂಜೇನ ನೆನೆಸಿಕೊಳ್ಳಿ. ತಲೆ ಅಲ್ಲಾಡಿಸಬೇಡಿ, ಕಣ್ಣು ಮಾತ್ರ ಬೆರಳಿನ ಹಿಂದೆ ಹೋಗ್ಲಿ."

ಕೈ ಎಡಕ್ಕೂ ಬಲಕ್ಕೂ ಒಂದೇ ಲಯದಲ್ಲಿ ಆಡಿತು. ಹೀಗೆ ಮಾಡಿದರೆ ಕೆಟ್ಟ ನೆನಪಿನ ಮೊನೆ ಮೊಂಡಾಗುತ್ತದಂತೆ. ಇವನದು ಇನ್ನಷ್ಟು ಚೂಪಾಯಿತು. ಬೆವೆತು ಎದ್ದು ಹೋದ. ಮರುವಾರವೂ ಅದೇ ಕತೆ.

"ಬೆರಳಾಡಿಸೋಕೆ ಡಾಕ್ಟರ್ ಬೇಕಾ?" ಎಂದು ಮನೆಯಲ್ಲಿ ಸಿಡುಕಿದ.

"ಡಾಕ್ಟರ ಹತ್ರ, ವಕೀಲರ ಹತ್ರ ಮುಚ್ಚಿಡಬಾರದು. ಒಳಗೇನಾಯ್ತು ಅಂತ ಹೇಳಿದ್ರಾ?" ಎಂದಳು ಹೆಂಡತಿ.

ಹೇಳಿರಲಿಲ್ಲ. 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಬೋರ್ಡಿನ ಕೆಳಗೆ ವರ್ಷಗಟ್ಟಲೆ ಕೂತವನಿಗೆ ಬಾಯಿ ಬಿಡುವುದು ಎಲ್ಲಿಂದ ಬರಬೇಕು?

ಮುಂದಿನ ಸಲ ಹೇಳಿಬಿಟ್ಟ. "ನಿಮ್ಮ ಕೈ ವೈಪರ್ ಥರ ಆಡುತ್ತೆ, ಮೇಡಂ. ಅವತ್ತು ವೈಪರ್ ಒಂದ್ಸಲ ಗಾಜು ಒರೆಸಿದಾಗ ರಸ್ತೆ ಖಾಲಿ ಇತ್ತು. ಇನ್ನೊಂದ್ಸಲ ಒರೆಸಿದಾಗ ಅವರಿದ್ರು."

ವೈದ್ಯೆ ಕೈ ಇಳಿಸಿದಳು. "ನಾನೇ ಕೇಳಬೇಕಿತ್ತು," ಎಂದಳು.

ಅಂದಿನಿಂದ ಬೆರಳಾಟ ನಿಂತಿತು. ಅದರ ಬದಲು ಕಣ್ಣು ಮುಚ್ಚಿ ಆ ಸಂಜೆಯನ್ನು ನೆನೆಯುತ್ತಾ, ತನ್ನ ಎರಡು ತೊಡೆಗಳನ್ನು ಒಂದಾದ ಮೇಲೊಂದು ಅವನೇ ಮೆಲ್ಲಗೆ ತಟ್ಟಿಕೊಳ್ಳುವುದು ಶುರುವಾಯಿತು. ತಟ್ಟುತ್ತಾ ತಟ್ಟುತ್ತಾ ಒಂದು ದಿನ ಅತ್ತುಬಿಟ್ಟ. ಮುದುಕನಿಗಾಗಿ ಅತ್ತದ್ದು ಅದೇ ಮೊದಲು. ಅದುವರೆಗೆ ಹೆದರುವುದರಲ್ಲೇ ಪುರಸೊತ್ತಿರಲಿಲ್ಲ.

ಪರೀಕ್ಷೆಯ ದಿನ ಬಿಸಿಲು ಚೆನ್ನಾಗಿತ್ತು. ಸದ್ಯ ಬದುಕಿದೆ ಎಂದುಕೊಂಡು ಬಸ್ಸು ಹತ್ತಿದ. ಪಕ್ಕದಲ್ಲಿ ಕೂತ ಮೇಲ್ವಿಚಾರಕ ಹೊರಡುವ ಮುಂಚಿನ ತಪಾಸಣೆ ಶುರುಮಾಡಿದ. ಹಾರ್ನ್ ಆಯಿತು, ಲೈಟಾಯಿತು.

"ವೈಪರ್ ಹಾಕು."

ಸ್ವಿಚ್ಚು ಒತ್ತಿ, ಕೈಗಳನ್ನು ತೊಡೆಯ ಮೇಲಿಟ್ಟು ತಟ್ಟತೊಡಗಿದ. ಮೇಲ್ವಿಚಾರಕ ಓರೆಗಣ್ಣಿನಿಂದ ನೋಡಿದ. ವೈಪರು ಒಣಗಾಜಿನ ಮೇಲೆ ಕಿರುಗುಟ್ಟಿತು. ಮುದುಕ ನೆನಪಾದ, ಸಂಕಟವೂ ಆಯಿತು. ಗಾಜಿನಾಚೆ ಡಿಪೋದ ಅಂಗಳ ಖಾಲಿ ಇತ್ತು. ಇನ್ನೊಂದು ಸಲ ಒರೆಸಿದಾಗಲೂ ಖಾಲಿಯೇ ಇತ್ತು.

"ರಬ್ಬರ್ ಸವೆದಿದೆ ಸಾರ್," ಎಂದ. "ಮಳೆ ಬರೋಕೆ ಮುಂಚೆ ಬದಲಾಯಿಸಬೇಕು."

ಹಾಗೆಂದು ಬ್ರೇಕು ಸಡಿಲಿಸಿದ.